ಷಡಕ್ಷರಿ ಕಾರು ಬದಲಾಯಿಸಿದ್ದು

ಕೇಳ್ರಪ್ಪಾ. ದೂರದ ಊರಿನ ರಾಜನ ಕತೆ ಅಲ್ಲ, ನಮ್ಮ ಕೇರೀದೇ ಕತೆ. ನಮ್ಮ ಕೇರೀಲಿ ಷಡಕ್ಷರಿ ಅಂತ ಒಬ್ಬ ಇದಾನೆ. ಹೆಸರಿಗೆ ಆರಕ್ಷರ, ತಲೇಲಿ ಒಂದೂ ಇಲ್ಲ. ಅವನ ತಾಯಿ ಓಂಕಾರಮ್ಮ. ಹೇಳಿದ ಮಾತು ಕೇಳದ ಮಕ್ಕಳನ್ನ ಹೆತ್ತವರು ಅಳೋದು ನೋಡಿದೀವಿ. ಓಂಕಾರಮ್ಮ ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಮಗನನ್ನ ಹೆತ್ತು ಹಣೆ ಹಣೆ ಚಚ್ಚಿಕೊಂಡವಳು. "ಬಾಗ್ಲು ನೋಡ್ಕಳ್ಲಾ" ಅಂದ್ರೆ ಬಾಗಿಲನ್ನೇ ನೋಡ್ತಾ ಕೂತಿರೋನು. ಕಿಟಕೀಲಿ ಬೆಕ್ಕು ಬಂದು ಹಾಲು ಕುಡಿದು ಮೀಸೆ ಒರೆಸಿಕೊಂಡು ಹೋದರೂ ಕತ್ತು ತಿರುಗಿಸೋನಲ್ಲ. ಒಂದೇ ಒಂದು ವಿದ್ಯೆ ಅವನಿಗೆ ಒಲಿದಿತ್ತು, ಕಾರು ಓಡಿಸೋದು. ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ಹಾಗಾಗಿ ಮನೆ ಕಾರು ಅವನ ಕೈಲಿತ್ತು.

ಅವನಪ್ಪ ನಿಜಗುಣಪ್ಪ. ದನದ ದಲ್ಲಾಳಿ. ಎತ್ತಿನ ಬೆನ್ನು ಸವರಿ ಅದರ ಹಣೆಬರಹ ಹೇಳ್ತಿದ್ದ ಮನುಷ್ಯ. ಆ ಮನುಷ್ಯನಿಗೆ ಕಿಡ್ನಿ ಎರಡೂ ಕೈಕೊಟ್ಟವು. ವಾರಕ್ಕೆ ಮೂರು ಸಲ ಪೇಟೆ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು, ಮೈಯೊಳಗಿನ ರಕ್ತ ಎಲ್ಲ ಮಿಷನ್ನಿಗೆ ಹಾಕಿ ತೊಳೆಸಬೇಕು. ಕರ್ಕೊಂಡು ಹೋಗೋದಕ್ಕೆ ಇದ್ದದ್ದು ಅವರ ಹಳೇ ಕಾರು. ಕಾರಲ್ಲ ಅದು, ಕರ್ಮ! ಏರು ಕಂಡ್ರೆ ನಿಲ್ಲೋದು, ಇಳಿಜಾರು ಕಂಡ್ರೆ ಹೊಗೆ ಕಕ್ಕೋದು.

ಒಂದು ಗುರುವಾರ ಆ ಕರ್ಮ ರೈಲ್ವೆ ಗೇಟಿನ ಹತ್ತಿರ ನಿಂತೇಬಿಡ್ತು. ಮೈ ಊದಿಕೊಂಡು, ಉಸಿರಿಗೆ ತಡಕಾಡ್ತಿದ್ದ ಗಂಡನನ್ನ ಓಂಕಾರಮ್ಮ ತೆಂಗಿನ ಸಿಪ್ಪೆ ತುಂಬಿದ ಟ್ರಾಕ್ಟರಿನ ಮೇಲೆ ಹೇರಿಕೊಂಡು ಹೋದಳು. ತಲುಪೋ ಹೊತ್ತಿಗೆ ಆ ಸರತಿ ತಪ್ಪಿಹೋಗಿತ್ತು. ಡಾಕ್ಟ್ರು ಬೈದರು. "ಇನ್ನೊಂದ್ಸಲ ಹಿಂಗೆ ತಪ್ಪಿಸಿದ್ರೆ ನಮ್ಮನ್ನ ಕೇಳಬೇಡಿ ಅಮ್ಮಾ, ಜೀವದ ಮಾತು" ಅಂದರು. ಸುದ್ದಿ ಕೇಳಿ ನೆಂಟರು ಬಂದರು. ಹಣ್ಣು ತಂದರು, ಬುದ್ಧಿಮಾತು ತಂದರು. ಮನೆಮನೇಲೂ ಕಾರಿದೆ ಆ ಮುಂಡೇಮಕ್ಕಳಿಗೆ! ಒಬ್ಬನಾದರೂ "ಮುಂದಿನ ಸಲ ನಾನು ಕರ್ಕೊಂಡು ಹೋಗ್ತೀನಿ" ಅಂದನಾ? ಅನ್ನಲಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತೆ.

ಓಂಕಾರಮ್ಮ ಮಗನನ್ನ ಕರೆದಳು.

"ಲೋ ಷಡಕ್ಷರಿ! ಪ್ಯಾಟೇಲಿ ಹಳೇ ಕಾರು ತಗಂಡು ಬ್ಯಾರೆ ಕಾರು ಕೊಡೋ ಅಂಗ್ಡಿ ಐತಲ್ಲ, ಅಲ್ಲಿಗೆ ಹೋಗು. ಜೀಪಿನಂಗೆ ಎತ್ತರದ್ದು ಬ್ಯಾಡ, ನಿಮ್ಮಪ್ಪನ ಕಾಲು ಏರಲ್ಲ. ಪುಟ್ಟದೂ ಬ್ಯಾಡ, ಅವ್ರಿಗೆ ಮಲಗಕ್ಕಾಗಲ್ಲ. ಸೆಡಾನ್ ಅಂತಾರಲ್ಲ, ಹಿಂದೆ ಡಿಕ್ಕಿ ಇರೋದು, ಮಧ್ಯಮ ಸೈಜಿಂದು ನೋಡು. ನಂಬಿಕಸ್ತ ಗಾಡಿ ಆಗಿರ್ಬೇಕು!"

"ನಂಬಿಕಸ್ತ ಅಂತ ಹೆಂಗವ್ವಾ ಗೊತ್ತಾಗದು?"

"ಹೆಂಗೆ ಅಂದ್ರೆ? ನಿಮ್ಮಪ್ಪ ಎತ್ತು ನೋಡ್ತಿರ್ಲಿಲ್ವಾ? ಹಂಗೇ ನೋಡ್ಲಾ!"

"ಆಯ್ತವ್ವಾ."

ಆಯ್ತವ್ವಾ ಅಂದವನೇ ಅಪ್ಪನ ಹಳೇ ಟವಲ್ ಹೆಗಲಿಗೆ ಹಾಕಿಕೊಂಡ, ಬಾರುಕೋಲು ಹಿಡಿದ, ಹೊರಟ. ಅಂಗಡೀಲಿ ಟೈ ಕಟ್ಟಿದ ಹುಡುಗ ಬಂದ. "ಬನ್ನಿ ಸರ್, ಯಾವ ಬಜೆಟ್ ಸರ್, ಪೆಟ್ರೋಲಾ ಡೀಸೆಲ್ಲಾ ಸರ್" ಅಂತ ಶುರು ಹಚ್ಚಿಕೊಂಡ. ಷಡಕ್ಷರಿ ಒಂದು ಬಿಳೀ ಸೆಡಾನಿನ ಮುಂದೆ ನಿಂತು ಟವಲ್ ಬೀಸಿದ, ಬೆದರುತ್ತಾ ಅಂತ ನೋಡೋದಕ್ಕೆ. ಕಾರು ಬೆದರಲಿಲ್ಲ. ಟೈ ಕಟ್ಟಿದ ಹುಡುಗ ಬೆದರಿದ. ಷಡಕ್ಷರಿ ಬಾನೆಟ್ ಎತ್ತಿಸಿ ಕೈ ತೂರಿಸಿ ಹಲ್ಲು ಹುಡುಕಿದ. ಸಿಗಲಿಲ್ಲ. "ಹಲ್ಲೆಲ್ಲ ಉದುರವೆ, ಮುದಿ ಮಾಲು!" ಅಂದ. ಹಣೆ ಮೇಲೆ ಸುಳಿ ಹುಡುಕಿದ. ಹಿಂದಕ್ಕೆ ಹೋಗಿ ಬಾಲ ಹುಡುಕಿದ; ಡಿಕ್ಕಿ ಮೇಲಿನ ಆಂಟೆನಾ ಕಡ್ಡಿ ಸಿಕ್ಕಿತು. ಅದನ್ನ ಹಿಡಿದು ತಿರುಚಿದ. ಕೈಗೇ ಬಂತು!

"ಸರ್! ಸರ್! ಏನ್ ಮಾಡ್ತಿದೀರಾ ಸರ್!"

"ಸುಮ್ಕಿರಯ್ಯ. ನಡೆಸು, ನಡಿಗೆ ನೋಡ್ತೀನಿ."

ಹುಡುಗ ಅಳುಮೋರೆ ಹಾಕಿಕೊಂಡು ಕಾರನ್ನ ಅಂಗಳದಲ್ಲಿ ಸುತ್ತಿಸಿದ. ಷಡಕ್ಷರಿ ಅದರ ಹಿಂದೆ ಬಗ್ಗಿಕೊಂಡು, ಕಾಲು ನೋಡ್ತಾ ನಡೆದ. "ಕುಂಟು ಕಣಯ್ಯ ಇದು! ಒಂದು ಕಾಲ್ನೂ ಎತ್ತಿ ಇಡಲ್ಲ!" ಅಂದ. ಆಮೇಲೆ ಹುಡುಗನ ಕೈ ಹಿಡಿದು ಎಳೆದು ಟವಲ್ಲಿನ ಕೆಳಗೆ ತೂರಿಸಿ ಅವನ ಬೆರಳು ಒಂದೊಂದಾಗಿ ಒತ್ತೋಕೆ ಶುರು ಮಾಡಿದ. ದಲ್ಲಾಳಿಗಳು ರೇಟು ಕುದುರಿಸೋದು ಹಾಗೇ, ನಾಲ್ಕು ಜನಕ್ಕೆ ಗೊತ್ತಾಗದ ಹಾಗೆ ಬಟ್ಟೆ ಕೆಳಗೆ ಬೆರಳು ಒತ್ತಿ. ಆ ಹುಡುಗನಿಗೇನು ಗೊತ್ತು ಪಾಪ? "ಅಯ್ಯಯ್ಯೋ!" ಅಂತ ಕಿರುಚಿಕೊಂಡ. ಒಳಗಿಂದ ಸಾಹುಕಾರ ಬಂದು ಷಡಕ್ಷರಿಯನ್ನ ಕತ್ತು ಹಿಡಿದು ಹೊರಕ್ಕೆ ದಬ್ಬಿದ.

ಮನೇಲಿ ಮಂಗಳಾರತಿ. "ಥೂ ನಿನ್ನ ಜನ್ಮಕ್ಕಿಷ್ಟು! ಅದೇನು ಬಸವಣ್ಣನೇನ್ಲಾ ಬಾಲ ತಿರುಚಕ್ಕೆ? ಮುಟ್ಟಿ ಕಿತ್ತು ನೋಡು ಅಂದಿದ್ನಾ? ಕೈ ಕಟ್ಕಂಡು ಕಣ್ಣಲ್ಲಿ ನೋಡ್ಬೇಕು. ರಸ್ತೇಲಿ ಓಡಾಡೋ ಸೆಡಾನ್ ಗಾಡಿ ನೋಡ್ಬೇಕು. ದಾರೀಲಿ ನಿಲ್ದೇ ಇರೋ ಗಾಡಿ ಯಾವ್ದು, ಅದೇ ನಂಬಿಕಸ್ತ ಗಾಡಿ. ಅದು ಯಾವ್ದು ಅಂತ ತಿಳ್ಕಂಡು ಬಾ!"

"ಆಯ್ತವ್ವಾ."

ಮಾರನೇ ದಿನ ಹೈವೇಗೆ ಹೋದ. ರಸ್ತೆ ನಟ್ಟನಡುವೆ ನಿಂತ. ಎರಡೂ ಕೈ ಅಗಲಿಸಿದ. ಬಿಳೀ ಕಾರು ಬಂತು, ಕಿರ್ರಂತ ನಿಂತಿತು. ಕೆಂಪು ಕಾರು ಬಂತು, ಕಿರ್ರಂತ ನಿಂತಿತು. ಬೂದು ಬಣ್ಣದ್ದು ಬಂತು, ಅದೂ ನಿಂತಿತು. ಒಳಗಿಂದ ಒಬ್ಬ "ಸಾಯಕ್ಕೆ ನನ್ ಗಾಡೀನೇ ಬೇಕಿತ್ತೇನೋ!" ಅಂದ. ಇನ್ನೊಬ್ಬ ಇಳಿದು ಬಂದು ಕಪಾಳಕ್ಕೆ ಬಿಟ್ಟ. ಷಡಕ್ಷರಿ ಕಪಾಳ ಒರೆಸಿಕೊಂಡ, ಮತ್ತೆ ಕೈ ಅಗಲಿಸಿದ. ಹೊತ್ತು ಮುಳುಗೋವರೆಗೂ ಇದೇ. ರಾತ್ರಿ ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತ.

"ಅವ್ವಾ, ಯಾವ ಗಾಡೀನೂ ನಂಬಂಗಿಲ್ಲ ಕಣವ್ವಾ. ಎಲ್ಲಾ ನಿಂತವು! ದೊಡ್ಡದು, ಸಣ್ಣದು, ಹೊಸದು, ಹಳೇದು, ಎಲ್ಲಾ ದಾರೀಲೇ ನಿಂತವು! ಒಂದೇ ಒಂದು ಗಾಡಿ ನಿಲ್ಲಲಿಲ್ಲ. ನನ್ನ ಸವರಿಕೊಂಡೇ ಹೋಯ್ತು. ಅದು ನಂಬಿಕಸ್ತ ಗಾಡಿ."

ಓಂಕಾರಮ್ಮನಿಗೆ ಒಂಚೂರು ಆಸೆ ಹುಟ್ಟಿತು. "ಯಾವ್ದಪ್ಪಾ ಅದು?"

"ಹೆಣ ಸಾಗಿಸೋ ಗಾಡಿ ಕಣವ್ವಾ. ಅಪ್ಪಂಗೆ ಅದೇ ತರಣ್ವಾ? ಅದ್ರಲ್ಲಿ ಮಲಗಕ್ಕೂ ಜಾಗ ಐತೆ."

ಮಂಚದ ಮೇಲೆ ನಿಜಗುಣಪ್ಪ ಕಣ್ಣು ಬಿಟ್ಟುಕೊಂಡು ಕೇಳ್ತಿದ್ದ! ಓಂಕಾರಮ್ಮನ ಕೈಗೆ ಸಿಕ್ಕಿದ್ದು ಮುದ್ದೆ ಕೋಲು. ಆ ಏಟು ನಮ್ಮ ಮನೇವರೆಗೂ ಕೇಳಿಸ್ತು. ಅವಳು ಹೊಡೀತಾ ಹೊಡೀತಾ ಅಳ್ತಿದ್ದಳು. ಸಿಟ್ಟಿಗೆ ಅಳ್ತಿದ್ದಳೋ, ಭಯಕ್ಕೆ ಅಳ್ತಿದ್ದಳೋ, ಅವಳನ್ನೇ ಕೇಳಿದ್ದರೂ ಗೊತ್ತಿರಲಿಲ್ಲ.

ಉಸಿರು ತಿರುಗಿದ ಮೇಲೆ ಮತ್ತೆ ಬುದ್ಧಿ ಹೇಳಿದಳು. ಹೇಳದೆ ಏನು ಮಾಡ್ತಾಳೆ? ಸ್ಟೇರಿಂಗ್ ಹಿಡಿಯೋನು ಅವನೊಬ್ಬನೇ ತಾನೇ ಆ ಮನೇಲಿ?

"ನೋಡ್ಲಾ. ರಸ್ತೆಗೆ ಹೋಗ್ಬ್ಯಾಡ. ಯಾರ ಹತ್ರಾನೂ ಮಾತಾಡ್ಬ್ಯಾಡ, ಬಾಯಿ ಬಿಟ್ಟೆಯೋ ಹಲ್ಲು ಉದುರಿಸ್ತೀನಿ. ಸುಮ್ನೆ ಅದೇ ಅಂಗ್ಡಿಗೆ ಹೋಗು, ಆಂಟೆನಾ ದುಡ್ಡು ಕೊಡು. ಕಾರಿನ ಹಿಂದಿನ ಸೀಟಲ್ಲಿ ನಿಮ್ಮಪ್ಪ ಆಸ್ಪತ್ರೆಯಿಂದ ಬರ್ತಾ ಹೆಂಗೆ ಮಲಗ್ತಾರೋ ಹಂಗೇ ಮಲಗಿ ನೋಡು. ಕಾಲು ನೀಡಕ್ಕಾಗ್ತದಾ, ಸೊಂಟ ನೋಯ್ತದಾ, ಅಷ್ಟು ತಿಳ್ಕಂಡು ಬಾ."

"ಆಯ್ತವ್ವಾ."

ಅವತ್ತು ಆಸ್ಪತ್ರೆ ದಿನ. ಹಳೇ ಕಾರು ಗ್ಯಾರೇಜಲ್ಲಿ ಬಿದ್ದಿತ್ತು. ಓಂಕಾರಮ್ಮ ಗಂಡನನ್ನ ಬಸ್ಸಿಗೆ ಹತ್ತಿಸಿಕೊಂಡು ಹೋದಳು. ಬಸ್ಸಲ್ಲಿ ಕಾಲೇಜು ಹುಡುಗರು ಮೊಬೈಲು ನೋಡ್ತಾ ಕೂತಿದ್ದರು. ಆ ಊದಿದ ಕಾಲಿನ ಮನುಷ್ಯ ಕಂಬಿ ಹಿಡಿದು ನಿಂತಿದ್ದ. ಒಬ್ಬನೂ ಏಳಲಿಲ್ಲ. ಹೇಳಿ, ಪೆದ್ದ ಯಾರು?

ಇತ್ತ ಷಡಕ್ಷರಿ ಅಂಗಡಿಗೆ ಹೋದ. ಬಾಯಿ ಬಿಡದೆ ಆಂಟೆನಾ ದುಡ್ಡು ಕೊಟ್ಟ. ಅದೇ ಬಿಳೀ ಸೆಡಾನಿನ ಹಿಂದಿನ ಸೀಟು ಹತ್ತಿದ. ಅಪ್ಪ ಮಲಗೋ ಹಾಗೆ ಮಲಗಿದ. ಅಪ್ಪ ಕಂಬಳಿ ಹೊದೀತಾನೆ, ಇವನೂ ಮನೆಯಿಂದ ತಂದದ್ದು ಹೊದ್ದ. ಅಪ್ಪ ಬಾಯಿ ತೆರೀತಾನೆ, ಇವನೂ ತೆರೆದ. ಅಪ್ಪ ನರಳ್ತಾನೆ, ಇವನೂ "ಹಾ... ಹಾ... ಶಿವನೇ..." ಅಂತ ನರಳಿದ.

ಟೈ ಕಟ್ಟಿದ ಹುಡುಗ ಓಡಿಬಂದ. "ಸರ್, ಏನಾಯ್ತು ಸರ್?" ಮಾತಿಲ್ಲ. "ಎದೆ ನೋವಾ ಸರ್?" ಮಾತಿಲ್ಲ. "ಹಾ... ಹಾ..." ಅಷ್ಟೇ. ಸಾಹುಕಾರ ಬಂದು ನೋಡಿದ, ಬೆವೆತುಹೋದ. "ಲೋ, ನಮ್ಮ ಅಂಗಡೀಲಿ ಸತ್ತಾನು ಕಣ್ರೋ, ಫೋನ್ ಮಾಡ್ರೋ!" ಆಂಬುಲೆನ್ಸು ಬಂತು. ಎತ್ತಿ ಹಾಕಿಕೊಂಡು ಹೋಯ್ತು. ಆಸ್ಪತ್ರೇಲಿ ನರ್ಸಮ್ಮ ಹೆಸರು ಕೇಳಿದಳು. ಮಾತಿಲ್ಲ. ಊರು ಕೇಳಿದಳು. ಮಾತಿಲ್ಲ. ಪಾಪ, ಬಾಯಿ ಬಿದ್ದುಹೋಗಿದೆ ಅಂತ ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದಳು.

ಓಂಕಾರಮ್ಮ ಗಂಡನನ್ನ ಮಿಷನ್ನಿಗೆ ಬಿಟ್ಟು, ಕುಡಿಯೋ ನೀರು ಹುಡುಕಿಕೊಂಡು ಪಡಸಾಲೇಲಿ ಬರ್ತಾಳೆ, ಸಾಲಾಗಿ ಮಂಚ, ಒಂದರ ಮೇಲೆ ಮಗ!

"ಅಯ್ಯೋ ನನ್ನ ಕಂದಾ! ನಿಂಗೇನಾಯ್ತೋ!"

ಷಡಕ್ಷರಿ ಎದ್ದು ಕೂತ. ಅಮ್ಮನ ಮುಂದೆ ಬಾಯಿ ಬಿಡಬಹುದು ಅನ್ನಿಸ್ತೋ ಏನೋ. "ಗಾಡಿ ಚೆನ್ನಾಗೈತೆ ಕಣವ್ವಾ! ಕಾಲು ನೀಡ್ಬೋದು. ಸೊಂಟ ನೋಯಲ್ಲ. ಸ್ವಲ್ಪ ಹೊತ್ತಾದ್ಮೇಲೆ ತಾನಾಗೇ ಆಸ್ಪತ್ರೆಗೂ ಕರ್ಕಂಡು ಬರ್ತದೆ!"

ನರ್ಸಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಓಂಕಾರಮ್ಮ ಮಗನ ಕೈಯಿಂದ ಸೂಜಿ ಕೀಳಿಸಿ, ಜುಟ್ಟು ಹಿಡಿದು, ನೆಟ್ಟಗೆ ಆ ಅಂಗಡಿಗೇ ಎಳಕೊಂಡು ಹೋದಳು. ಸಾಹುಕಾರನ ಕಾಲು ಹಿಡಿಯೋದೊಂದು ಬಾಕಿ. ಆಮೇಲೆ ಆ ಬಿಳೀ ಕಾರನ್ನ ತಾನೇ ನೋಡಿದಳು. ಹಿಂದಿನ ಸೀಟಲ್ಲಿ ಕೂತಳು, ಬಾಗಿಲು ತೆಗೆದು ಹಾಕಿದಳು, ಗಂಡನ ಕಾಲು ಎಲ್ಲಿ ಬರುತ್ತೆ ಅಂತ ಗೇಣು ಹಾಕಿದಳು. ಗ್ಯಾರೇಜಿನ ಮೇಸ್ತ್ರಿಯನ್ನ ಕರೆಸಿ ಇಂಜಿನ್ನು ತೋರಿಸಿದಳು. ಅವನು "ಕಣ್ಮುಚ್ಕಂಡು ತಗಳಮ್ಮ" ಅಂದ. ಅದೇ ಕಾರು ಅಂತ ಗಟ್ಟಿಯಾಯಿತು. ಹಳೇದನ್ನ ಕೊಡೋದು, ಮೇಲೆ ಒಂದಿಷ್ಟು ದುಡ್ಡು ಕೊಡೋದು, ಇದನ್ನ ತರೋದು. ದುಡ್ಡನ್ನ ಅವಳೇ ಹೋಗಿ ಕಟ್ಟಿ ಬಂದಳು. ಉಳಿದದ್ದು ಗ್ಯಾರೇಜಿಂದ ಮನೆಗೆ ಬಂದ ಹಳೇ ಕಾರು ಒಯ್ದು ಬಿಡೋದೊಂದೇ.

ಇಲ್ಲಿಗೆ ಕತೆ ಮುಗೀಬೇಕಿತ್ತು. ಮುಗೀಲಿಲ್ಲ. ಯಾಕಂದ್ರೆ ಅವಳು ಮತ್ತೆ ಬಾಯಿ ಬಿಟ್ಟಳು.

"ಲೋ, ಹಳೇ ಕಾರಲ್ಲಿ ನಮ್ಮದೇನೇನೈತೋ ಎಲ್ಲಾ ತೆಗೆದು ಒಳಗಿಡು. ಆಮೇಲೆ ಕೊಡಣ."

ಅವಳು ಅಂದದ್ದು ಶಿವನ ಪಟ, ಗಂಡನ ಟವಲು, ಔಷಧಿ ಚೀಲ. ಅಷ್ಟು ಹೇಳೋದಕ್ಕೇನು ನಾಲಿಗೆ ಸವೀತಿತ್ತೇ? ನನಗೆ ಇವಳ ಮೇಲೂ ಸಿಟ್ಟು ಬರೋದು ಇದಕ್ಕೇ! ಷಡಕ್ಷರಿ ಸ್ಪ್ಯಾನರ್ ಹಿಡಿದು ಕೂತ. ಬ್ಯಾಟರಿ? ಹೋದ ವರ್ಷ ನಾವೇ ಹಾಕಿಸಿದ್ದು, ನಮ್ಮದು. ತೆಗೆದ. ಟಯರು? ದೀಪಾವಳೀಲಿ ನಾವೇ ಕೊಂಡದ್ದು, ನಮ್ಮದು. ತೆಗೆದ. ಸೀಟು, ಹಾರನ್ನು, ಕನ್ನಡಿ, ಎಲ್ಲ ನಮ್ಮದು. ಓಂಕಾರಮ್ಮ ಸಂತೆಯಿಂದ ಬಂದು ನೋಡಿದರೆ ಪಡಸಾಲೆ ತುಂಬ ಕಾರು, ಅಂಗಳದಲ್ಲಿ ಕಲ್ಲಿನ ಮೇಲೆ ಬರೀ ಡಬ್ಬ! ಆ ಡಬ್ಬದೊಳಗೆ ಶಿವನ ಪಟ ಹಾಗೇ ಇತ್ತು. "ಅದು ಕಾರಿನ ಜೊತೇಲೇ ಬಂದದ್ದಲ್ವಾ ಅವ್ವಾ, ನಮ್ಮದಲ್ಲ" ಅಂದ.

ಮೇಸ್ತ್ರಿ ಬಂದು ಎಲ್ಲ ವಾಪಸ್ಸು ಜೋಡಿಸೋದಕ್ಕೆ ಇಡೀ ಒಂದು ದಿನ ಹಿಡೀತು. ಓಂಕಾರಮ್ಮನ ಗಂಟಲು ಹರಿದುಹೋಯ್ತು.

"ಒಂದು ಮೊಳೆ ತೆಗ್ದೀಯಾ ಅಂದ್ರೆ ಕೈ ಕತ್ತರಿಸ್ತೀನಿ! ಒಳಗೇನೈತೋ ಅದೆಲ್ಲಾ ಇದ್ದಂಗೇ ಇರ್ಲಿ! ಏನೂ ಮುಟ್ಬ್ಯಾಡ, ಏನೂ ಇಳಿಸ್ಬ್ಯಾಡ! ನಾಳೆ ನಿಮ್ಮಪ್ಪನ್ನ ಆಸ್ಪತ್ರೆಗೆ ಕರ್ಕಂಡು ಹೋಗು. ಬರ್ತಾ ಅಂಗ್ಡೀಲಿ ಹಳೇದನ್ನ ಇದ್ದದ್ದು ಇದ್ದಂಗೇ ಕೊಟ್ಟು, ಹೊಸದು ತಗಂಡು, ತಿರುಗಿ ನೋಡ್ದೆ ಮನೆಗೆ ಬಾ!"

"ಆಯ್ತವ್ವಾ."

ಅಯ್ಯೋ, ನಿಮಗೆ ಗೊತ್ತಾಗೋಯ್ತಲ್ವಾ? ನಿಮಗೆ ಗೊತ್ತಾಗುತ್ತೆ, ನನಗೆ ಗೊತ್ತಾಗುತ್ತೆ. ಆ ತಾಯಿಗೆ ಗೊತ್ತಾಗಲಿಲ್ಲ. ಅವಳು ಬಾಗಿಲಿಗೆ ತೋರಣ ಕಟ್ಟಿದಳು, ಆರತಿ ತಟ್ಟೆಗೆ ಅರಿಶಿನ ಸುಣ್ಣ ಕಲಸಿದಳು, ಚಕ್ರಕ್ಕಿಡೋ ನಿಂಬೆಹಣ್ಣು ಎತ್ತಿಟ್ಟಳು. ಗಂಡ ಬಂದ ತಕ್ಷಣ ಮಲಗಲಿ ಅಂತ ಮಂಚಕ್ಕೆ ಒಗೆದ ದುಪ್ಪಟಿ ಹಾಸಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡೆ ನಾನು.

ಕಾರು ಬಂತು. ಬಿಳೀ ಕಾರು, ಸದ್ದಿಲ್ಲ, ಹೊಗೆಯಿಲ್ಲ. ಕೇರಿಯೋರೆಲ್ಲ ಸೇರಿದೆವು. ಆರತಿ ಎತ್ತಿದಳು, ನಿಂಬೆಹಣ್ಣು ಇಟ್ಟಳು. ನಗ್ತಾ ಹಿಂದಿನ ಬಾಗಿಲು ತೆಗೆದಳು. ಸೀಟು ಖಾಲಿ.

"ನಿಮ್ಮಪ್ಪ ಎಲ್ಲಿ?"

"ಕಾರಲ್ಲವ್ರೆ."

"ಎಲ್ಲವ್ರೆ? ಇಲ್ಲಿಲ್ಲವಲ್ಲೋ!"

"ಇದ್ರಲ್ಲಲ್ಲವ್ವಾ, ಹಳೇ ಕಾರಲ್ಲಿ. ಕಂಬಳಿ ಹೊದ್ದು ಮಲಗಿದ್ರು. ಸಾಹುಕಾರ್ರು 'ಒಳಗೇನಾದ್ರೂ ಐತೇನಪ್ಪಾ, ಬೇಕಾದ್ರೆ ತಗ' ಅಂದ್ರು. ನಾನು 'ಐತೆ, ಇರ್ಲಿ, ಎಲ್ಲಾ ನಿಮ್ದೇ' ಅಂದೆ. ಏನೂ ಇಳಿಸ್ಬ್ಯಾಡ ಅಂದಿದ್ಯಲ್ಲ?"

ಆರತಿ ತಟ್ಟೆ ಕೈಯಿಂದ ಬಿತ್ತು. ಓಂಕಾರಮ್ಮ ಕಿರುಚಿದ್ದು ನನ್ನ ಕಿವೀಲಿ ಇನ್ನೂ ಇದೆ.

"ಗಂಡನ್ನ ಕೊಟ್ಟು ಕಾರು ತಂದ್ಯೇನೋ ಪಾಪೀ! ಈ ಕಾರಿಗೆ ಬೆಂಕಿ ಬೀಳ! ಯಾವ ಕಾರೂ ಬ್ಯಾಡ ಕಣೋ ನಂಗೆ, ನಿಮ್ಮಪ್ಪ ಬೇಕು! ನಿಮ್ಮಪ್ಪ ಒಬ್ರು ಮನೆಗೆ ಬಂದ್ರೆ ಸಾಕು! ಹೋಗು! ಕರ್ಕಂಡ್ ಬಾ, ಹೋಗು!"

ತಾನೂ ಹತ್ತೋದಕ್ಕೆ ಒಂದು ಕಾಲು ಎತ್ತಿದ್ದಳು. ಹೋಗು ಅಂದಳಲ್ಲ, ಷಡಕ್ಷರಿ ಹೋಗೇಬಿಟ್ಟ. ನಿಂಬೆಹಣ್ಣು ಪಚಕ್ಕಂದವು, ಅವಳು ಧೂಳಲ್ಲಿ ನಿಂತಳು.

ಅಲ್ಲಿ ಅಂಗಡೀಲಿ ನಿಜಗುಣಪ್ಪ ಎಚ್ಚರಾಗಿ ಕೂತಿದ್ದ. ಯಾರೋ ಗಿರಾಕಿ ಕಾರಿನ ಟಯರು ಒದ್ದು ನೋಡ್ತಿದ್ದನಂತೆ. ಕಂಬಳಿಯೊಳಗಿಂದ ಮನುಷ್ಯ ಎದ್ದದ್ದು ನೋಡಿ ಚಪ್ಪಲಿ ಬಿಟ್ಟು ಓಡಿದನಂತೆ. ಮಗ ಬಂದು ಎದುರಿಗೆ ನಿಂತ. ಮುದುಕ ಎಷ್ಟಾದರೂ ದಲ್ಲಾಳಿ. ಹಲ್ಲು ಕಡೀತಾ ಮೊದಲು ಕೇಳಿದ್ದೇನು ಗೊತ್ತಾ?

"ಎಷ್ಟಕ್ಕೆ ಬಿಟ್ಯೋ ನನ್ನ?"

"ನಿಂಗೆ ಬ್ಯಾರೆ ರೇಟು ಹಾಕ್ಲಿಲ್ಲ ಕಣಪ್ಪಾ. ಕಾರಿನ ಜೊತೇಲೇ ಕೊಟ್ಟೆ."

ನಿಜಗುಣಪ್ಪ ಬೈದ ಬೈಗುಳ ನಾನು ಹೇಳಲ್ಲ, ಮಕ್ಕಳಿದಾವೆ ಇಲ್ಲಿ. ಷಡಕ್ಷರಿ ಅಪ್ಪನನ್ನ ಇಳಿಸಿ ಬೆನ್ನ ಮೇಲೆ ಹಾಕಿಕೊಂಡ. ಬಿಳೀ ಕಾರಿನ ಬೀಗದ ಕೈ ಸಾಹುಕಾರನ ಮೇಜಿನ ಮೇಲಿಟ್ಟ. ಹೊರಟ. ಸಾಹುಕಾರ "ಏಯ್, ಕಾರು!" ಅಂದ. ಇವನು ತಿರುಗಿ ನೋಡಲಿಲ್ಲ.

ದಾರೀಲಿ ಒಂದು ಕಾರು ನಿಂತಿತು. "ಹತ್ಕಳ್ಳಿ, ಊರಿಗೆ ಬಿಡ್ತೀನಿ" ಅಂದ ಪುಣ್ಯಾತ್ಮ. ಷಡಕ್ಷರಿ, "ಬ್ಯಾಡಿ ಸ್ವಾಮಿ, ಯಾವ ಕಾರೂ ಬ್ಯಾಡ ಅಂದವ್ಳೆ ನಮ್ಮವ್ವ" ಅಂದ. ಬೆನ್ನ ಮೇಲಿಂದ ಮುದುಕ "ನಿಲ್ಸಿ! ಲೋ, ಇಳ್ಸೋ ನನ್ನ! ಸ್ವಾಮೀ, ನಿಲ್ಸಿ!" ಅಂತ ಬಡ್ಕೊಂಡ. ಆ ಪುಣ್ಯಾತ್ಮ ನೋಡಿ ನೋಡಿ ಹೊರಟುಹೋದ.

ದೀಪ ಹಚ್ಚೋ ಹೊತ್ತಿಗೆ ಮಗ ಅಪ್ಪನನ್ನ ಹೊತ್ತುಕೊಂಡು ಕೇರಿಗೆ ಬಂದ. ಬೆವರು ಸುರೀತಿತ್ತು, ಅಪ್ಪನನ್ನ ಮಾತ್ರ ಒಂದು ಕಡೆಯೂ ಕೆಳಗಿಳಿಸಿರಲಿಲ್ಲ. ಓಂಕಾರಮ್ಮ ಓಡಿಹೋಗಿ ಗಂಡನನ್ನ ತಬ್ಬಿ ಇಳಿಸಿಕೊಂಡಳು, ಮಂಚಕ್ಕೆ ಹಾಕಿದಳು, ಎರಡು ಗುಟುಕು ನೀರು ಕುಡಿಸಿದಳು. ಅದಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ ಆ ರೋಗಕ್ಕೆ. ಅವನ ಕೈ ಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನಿಧಾನಕ್ಕೆ ಹೊರಗೆ ಬಂದು ಅಂಗಳ ನೋಡಿದಳು, ಬೀದಿ ನೋಡಿದಳು.

"ಕಾರೆಲ್ಲೋ?"

"ಯಾವ್ದವ್ವಾ?"

"ಯಾವ್ದಾದ್ರೂ ಒಂದು! ಹಳೇದೋ ಹೊಸದೋ!"

"ಎರಡೂ ಅಲ್ಲೇ ಬಿಟ್ಟು ಬಂದೆ" ಅಂದ ಷಡಕ್ಷರಿ, ಬೆನ್ನು ನೆಟ್ಟಗೆ ಮಾಡ್ಕೊಳ್ತಾ. "ಯಾವ ಕಾರೂ ಬ್ಯಾಡ, ಅಪ್ಪ ಒಬ್ರು ಸಾಕು ಅಂದ್ಯಲ್ಲವ್ವಾ. ತಂದಿದೀನಿ ನೋಡು!"

ಓಂಕಾರಮ್ಮ ಪೊರಕೆ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಕೇರಿಯೋರು ಬಿದ್ದು ಬಿದ್ದು ನಕ್ಕರು, ಹೀಗೆ ಮಾಡಬೇಕಿತ್ತು, ಹಾಗೆ ಮಾಡಬೇಕಿತ್ತು ಅಂತ ನೂರು ಬುದ್ಧಿ ಹೇಳಿದರು.

ಕಾರು ಎರಡೂ ಅಲ್ಲಿ, ಜನ ಮೂವರೂ ಇಲ್ಲಿ. ಕತೆ ಇಷ್ಟೇ. ನಾಳೆ ಭಾನುವಾರ, ಅಂಗಡಿಗೆ ಬೀಗ; ಸೋಮವಾರ ಬೆಳಗಾದರೆ ಆಸ್ಪತ್ರೆ ದಿನ. ಹಲ್ಲು ಕಿಸಿಯೋದು ಸಾಕು! ನಿಮ್ಮಲ್ಲಿ ಯಾರ ಮನೇಲಾದರೂ ಕಾರಿದ್ದರೆ, ಬಾಯಿ ಮುಚ್ಕೊಂಡು ತಂದು ಅವರ ಬಾಗಿಲಿಗೆ ನಿಲ್ಲಿಸಿ.